ಗಾಳಿಯ ಜಮಾ-ಖರ್ಚು

ಬಿ.ಕಾಂ. ಓದುವ ಹುಡುಗ ಗಾಳಿಯ ಬಗ್ಗೆ ಬರೆಯುವುದೇನು ಎಂದು ಸಂಘದ ಮಿತ್ರರು ಕೇಳಿದರು. ಗಾಳಿ ನಮ್ಮ ಪಠ್ಯದಲ್ಲೇ ಇದೆ ಎಂಬುದು ಅವರಿಗೆ ಗೊತ್ತಿಲ್ಲ. ಕೈಗಾರಿಕಾ ಕಾನೂನಿನ ಪಾಠದಲ್ಲಿ 1948ರ ಕಾರ್ಖಾನೆಗಳ ಕಾಯಿದೆ ಬರುತ್ತದೆ. ಅದರ 16ನೆಯ ಕಲಮು ಜನದಟ್ಟಣೆಯನ್ನು ಕುರಿತದ್ದು. ಕಾಯಿದೆ ಜಾರಿಯಾದ ಮೇಲೆ ಕಟ್ಟಿದ ಕಾರ್ಖಾನೆಯಾದರೆ ಆಳೊಬ್ಬನಿಗೆ 14.2 ಘನ ಮೀಟರ್ ಜಾಗ ಇರಬೇಕು; ಅದಕ್ಕಿಂತ ಹಳೆಯದಾದರೆ 9.9 ಸಾಕು, ನೆಲದಿಂದ 4.2 ಮೀಟರಿಗಿಂತ ಮೇಲಿರುವ ಜಾಗವನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಪರೀಕ್ಷೆಗೆ ಬರುತ್ತದೆಂದು ನಾವೆಲ್ಲ ಇದನ್ನು ಬಾಯಿಪಾಠ ಮಾಡಿದ್ದೇವೆ. (ಆ ಕಾಯಿದೆಯ ಜಾಗಕ್ಕೆ ಈಗ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ನಾನು ಹೇಳುವ ಮಾತಿಗೆ ಹಳೆಯ ಕಲಮೇ ಸಾಕು.) 13ನೆಯ ಕಲಮಿನಲ್ಲಿ ಹೊಸ ಗಾಳಿ ಸುಳಿದಾಡುತ್ತಿರಬೇಕು ಎಂಬ ಮಾತೂ ಇತ್ತು. ಆದರೆ ಎಷ್ಟು ಎಂಬ ಅಂಕಿಯನ್ನು ಅಲ್ಲಿ ಹೇಳದೆ ರಾಜ್ಯ ಸರ್ಕಾರಗಳ ನಿಯಮಕ್ಕೆ ಬಿಟ್ಟಿದ್ದರು.

ಈಗ ವಾಣಿಜ್ಯ ವಿದ್ಯಾರ್ಥಿಯ ಕಣ್ಣಿನಿಂದ ಒಂದು ಪ್ರಶ್ನೆ. 14.2 ಘನ ಮೀಟರ್ ಎನ್ನುವುದು ಯಾವ ಜಾತಿಯ ಅಂಕಿ? ಅದು ಮಾರ್ಚ್ 31ರಂದು ಅಂಗಡಿಯಲ್ಲಿ ಇಷ್ಟು ಮಾಲು ಇತ್ತು ಎನ್ನುವ ಹಾಗೆ, ಅಢಾವೆ ಪತ್ರಿಕೆಯಲ್ಲಿ ಕೂರುವ ಅಂಕಿ. ವ್ಯಾಪಾರ ಹೇಗೆ ನಡೆಯಿತು ಎಂದು ಅದು ಹೇಳುವುದಿಲ್ಲ. ಅದನ್ನು ಹೇಳಲು ಲಾಭ-ನಷ್ಟದ ಖಾತೆ ಬೇಕು. ಅಂದರೆ ಇಷ್ಟು ಕಾಲದಲ್ಲಿ ಇಷ್ಟು ಬಂತು, ಇಷ್ಟು ಹೋಯಿತು ಎಂಬ ಲೆಕ್ಕ. ಕೋಣೆಯ ಗಾತ್ರ ಮೊದಲ ಜಾತಿಯದು, ಗಾಳಿ ಎರಡನೆಯ ಜಾತಿಯದು. ಗಂಟೆಗೆ ಎಷ್ಟು ಘನ ಮೀಟರ್, ಸೆಕೆಂಡಿಗೆ ಎಷ್ಟು ಲೀಟರ್ ಎಂದು ಕೇಳಿದರೇ ಅದು ಗಾಳಿಯ ಮಾತು. ಕಿಟಕಿ ಎಷ್ಟು ದೊಡ್ಡದು ಎಂಬುದೂ ಆಸ್ತಿಪಟ್ಟಿಯ ಮಾತೇ.

ಭಾಷೆಯೂ ಇದಕ್ಕೆ ಸ್ವಲ್ಪ ಕಾರಣ ಅಂತ ನನಗೆ ಅನ್ನಿಸುತ್ತದೆ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಅಲ್ಲಿ ವೆಂಟಿಲೇಶನ್ ಎಂಬುದಕ್ಕೆ ಕಲಿತ ಶಬ್ದ 'ವಾತಾಯನ'. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಕಿಟಕಿ ಎಂದೇ ಅರ್ಥ. ಇಂಗ್ಲಿಷಿನ ವಿಂಡೋ ಎಂಬುದೂ 'ಗಾಳಿಯ ಕಣ್ಣು' ಎಂಬ ಹಳೆಯ ನಾರ್ಸ್ ಮಾತಿನಿಂದ ಬಂದದ್ದಂತೆ. ಎರಡು ಕಡೆಯೂ ಗಾಳಿಯನ್ನೂ ಕಂಡಿಯನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ನಮ್ಮ ಆಯಿ, ಅಂದರೆ ಅಜ್ಜಿ, ಓದಿದವಳಲ್ಲ. ಅವಳು ಮಾತ್ರ "ಈ ಮನ್ಯಾಗ ಕಿಡಕಿ ಅವ, ಗಾಳಿಯಾಟ ಇಲ್ಲ" ಅನ್ನುತ್ತಿದ್ದಳು. ಗಾಳಿಯಾಟ! ಗಾಳಿ ಇರುವುದು ಬೇರೆ, ಗಾಳಿ ಆಡುವುದು ಬೇರೆ. ಈ ಲೇಖನದಲ್ಲಿ ಅದೇ ಶಬ್ದವನ್ನು ಬಳಸುತ್ತೇನೆ. ಆ ಆಟವನ್ನು ಅಳೆಯುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ನಾನು ಇದನ್ನು ಕಲಿತದ್ದು ನಾಗಪುರದ ಮಿಹಾನ್‌ನಲ್ಲಿ. ನಗರದ ದಕ್ಷಿಣಕ್ಕೆ ವರ್ಧಾ ರಸ್ತೆಯಲ್ಲಿ ಹೋದರೆ ವಿಮಾನ ನಿಲ್ದಾಣದ ಆಚೆ ಸಿಗುವ ವಿಸ್ತಾರವಾದ ಪ್ರದೇಶ ಅದು. ಹೆಸರು ಬಿಡಿಸಿದರೆ ಮಲ್ಟಿಮೋಡಲ್ ಇಂಟರ್‌ನ್ಯಾಷನಲ್ ಕಾರ್ಗೋ ಹಬ್ ಆ್ಯಂಡ್ ಏರ್‌ಪೋರ್ಟ್ ಅಟ್ ನಾಗಪುರ. 2002ರಲ್ಲಿ ಹುಟ್ಟಿದ ಮಹಾರಾಷ್ಟ್ರ ವಿಮಾನ ನಿಲ್ದಾಣ ಅಭಿವೃದ್ಧಿ ಕಂಪನಿ ಇದನ್ನು ನೋಡಿಕೊಳ್ಳುತ್ತದೆ. ವಿಮಾನ ದುರಸ್ತಿಯ ದೊಡ್ಡ ಹ್ಯಾಂಗರು, ಸಾಫ್ಟ್‌ವೇರ್ ಕಂಪನಿಗಳು, 2022ರಲ್ಲಿ ಉದ್ಘಾಟನೆಯಾದ ಏಮ್ಸ್ ಆಸ್ಪತ್ರೆ ಎಲ್ಲ ಅಲ್ಲಿವೆ. 2019ರಿಂದ ಖಾಪರಿಯವರೆಗೆ ಮೆಟ್ರೋ ಓಡುತ್ತಿದೆ. ಗಾಜಿನ ಕಟ್ಟಡಗಳಲ್ಲಿ ಏಸಿ ಉಂಟು, ಅಲ್ಲಿ ನಮಗೇನೂ ಕೆಲಸವಿಲ್ಲ. ನನ್ನ ಕಾಕಾ ದುಡಿಯುವುದು ಅಲ್ಲಿಯ ಒಂದು ಪತ್ರಾಸಿನ ಗೋದಾಮಿನಲ್ಲಿ. ಆಳಂದ ಕಡೆಯಿಂದ ಹೋದವರು, ಈಗ ಹಮಾಲರ ಗುಂಪಿಗೆ ಮುಕಾದಮರಾಗಿದ್ದಾರೆ. ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಮಾಲಿನ ತಾಳೆ ಬರೆಯುವ ಕೆಲಸಕ್ಕೆ ಹೋಗಿದ್ದೆ. ನಾಗಪುರದ ಬೇಸಿಗೆ ಹೇಗಿರುತ್ತದೆ ಎನ್ನುವವರಿಗೆ ಒಂದೇ ಅಂಕಿ ಹೇಳುತ್ತೇನೆ: 2013ರ ಮೇ 23ರಂದು ಅಲ್ಲಿ 47.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಕಲಬುರಗಿಯವರಾದ ನಮಗೂ ಅದು ಹೆಚ್ಚೇ.

ಗೋದಾಮು ಅಂದಾಜು 60 ಮೀಟರ್ ಉದ್ದ, 30 ಮೀಟರ್ ಅಗಲ, 9 ಮೀಟರ್ ಎತ್ತರ. ಅಂದರೆ 16,200 ಘನ ಮೀಟರ್. ರಸ್ತೆಯ ಕಡೆಯ ಗೋಡೆಗೆ ನಾಲ್ಕು ಶಟರುಗಳು. ಎದುರು ಗೋಡೆ ಪೂರ್ತಿ ಮುಚ್ಚಿದ್ದು, ಅದಕ್ಕೆ ಒತ್ತಿ ಛಾವಣಿವರೆಗೆ ಕಪಾಟುಗಳು. ಪತ್ರಾಸಿನ ಮೇಲೆ ಗಾಳಿಗೆ ತಾವೇ ಗಿರಗಿರ ತಿರುಗುವ ಉಂಡೆಗಳಿವೆ. ಅವಕ್ಕೆ ಕರೆಂಟು ಬೇಕಿಲ್ಲ. 16ನೆಯ ಕಲಮಿನಂತೆ 4.2 ಮೀಟರ್ ಎತ್ತರಕ್ಕೆ ಲೆಕ್ಕ ಹಾಕಿದರೆ 7,560 ಘನ ಮೀಟರ್ ಆಗುತ್ತದೆ. 14.2ರಿಂದ ಭಾಗಿಸಿ ನೋಡಿ, 532 ಜನ! ಗೋದಾಮಿಗೆ ಆ ಕಾಯಿದೆ ಹತ್ತುತ್ತಿತ್ತೋ ಇಲ್ಲವೋ ಎಂಬ ವಾದ ಬೇರೆ. ಗಾತ್ರದ ಲೆಕ್ಕವೊಂದನ್ನೇ ಹಿಡಿದರೆ 532 ಜನರಿಗೆ ಸಾಲುವ ಜಾಗದಲ್ಲಿ, ಹಿಂದಿನ ಕಪಾಟಿನ ಸಂದಿಯಲ್ಲಿ ದುಡಿಯುವ ಹತ್ತು ಜನರಿಗೆ ಉಸಿರು ಕಟ್ಟುತ್ತಿತ್ತು.

ಮೊದಲನೆಯ ಉಪಕರಣ ಊದಿನಕಡ್ಡಿ. ನಗಬೇಡಿ, ದೊಡ್ಡ ದೊಡ್ಡ ಎಂಜಿನಿಯರರೂ ಹೊಗೆಯಿಂದಲೇ ಶುರು ಮಾಡುತ್ತಾರೆ. ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಎಂದು ಮೊದಲು ತಿಳಿಯಬೇಕು, ಎಷ್ಟು ಎಂಬುದು ಆಮೇಲೆ. ಊದಿನಕಡ್ಡಿ ಹಿಡಿದು ಶಟರಿನ ಬಾಯಲ್ಲಿ ನಿಂತರೆ ಮೊದಲು ಕಾಣುವುದು ಏನೆಂದರೆ, ಒಂದೇ ಶಟರಿನಲ್ಲಿ ಕೆಳಗಡೆ ಹೊಗೆ ಒಳಗೆ ಬಾಗುತ್ತದೆ, ಏಣಿ ಹತ್ತಿ ಮೇಲಕ್ಕೆ ಹಿಡಿದರೆ ಹೊರಗೆ ಬಾಗುತ್ತದೆ. ಬಿಸಿ ಗಾಳಿ ಹಗುರ, ಮೇಲಿನಿಂದ ಹೋಗುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ಬರುತ್ತದೆ. ಒಂದೇ ಬಾಗಿಲು ಜಮಾ ಬಾಜೂ ಖರ್ಚಿನ ಬಾಜೂ ಎರಡೂ ಆಗಿದೆ. ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಛಾವಣಿಗೆ ಬೆಳಕಿಂಡಿ ಇಡುವುದು ಬೆಳಕಿಗಷ್ಟೇ ಅಲ್ಲ. ಅಡುಗೆಯ ಹೊಗೆಯೂ ಸೆಕೆಯೂ ಮೇಲಿನಿಂದ ಹೋಗಲಿ, ಬಾಗಿಲಿನಿಂದ ತಂಪು ಬರಲಿ ಎಂದು. (ಸರಕು ತುಂಬಿದ ಗೋದಾಮಿನಲ್ಲಿ ಕಡ್ಡಿ ಹಚ್ಚುವ ಮುಂಚೆ ಕಾವಲುಗಾರನನ್ನು ಕೇಳಿ, ಪಕ್ಕದಲ್ಲಿ ನೀರಿನ ಬಕೀಟು ಇಟ್ಟುಕೊಳ್ಳಬೇಕು. ರಟ್ಟಿನ ಪೆಟ್ಟಿಗೆಗಳ ಹತ್ತಿರ ಅಗರಬತ್ತಿಯೇ ಬೇಡ, ತೆಳುವಾದ ನೂಲಿನ ಎಳೆ ಸಾಕು.)

ಎರಡನೆಯದು ಅನಿಮೋಮೀಟರ್, ಅಂದರೆ ಗಾಳಿಯ ವೇಗಮಾಪಕ. ಅಂಗೈಯಗಲದ ಚಕ್ರ, ಗಾಳಿಗೆ ತಿರುಗಿ ಸೆಕೆಂಡಿಗೆ ಇಷ್ಟು ಮೀಟರ್ ಎಂದು ತೋರಿಸುತ್ತದೆ. ಇದನ್ನು ಬಾಗಿಲ ನಡುವೆ ಒಮ್ಮೆ ಹಿಡಿದು ಬಂದ ಅಂಕಿಯನ್ನು ಬಾಗಿಲ ವಿಸ್ತೀರ್ಣಕ್ಕೆ ಗುಣಿಸಿದರೆ ಆಯಿತು ಎನ್ನುವವರಿದ್ದಾರೆ. ಅದು ದೀಪಾವಳಿ ದಿನದ ಮಾರಾಟವನ್ನು 365ರಿಂದ ಗುಣಿಸಿ ವರ್ಷದ ಮಾರಾಟ ಎಂದಹಾಗೆ. ಬಾಗಿಲ ನಡುವೆ ವೇಗ ಹೆಚ್ಚು, ಚೌಕಟ್ಟಿನ ಪಕ್ಕ ಕಡಿಮೆ. ಮೇಲೆ ಒಂದು ದಿಕ್ಕು, ಕೆಳಗೆ ಇನ್ನೊಂದು. ಒಂದು ನಿಮಿಷ ಬೀಸಿ ಇನ್ನೊಂದು ನಿಮಿಷ ಸುಮ್ಮನಾಗುತ್ತದೆ. ಆದ್ದರಿಂದ ಶಟರಿನ ಬಾಯನ್ನು ಮನಸ್ಸಿನಲ್ಲೇ ಮೂರು ಸಾಲು ಮೂರು ಕಂಬ ಮಾಡಿ ಒಂಬತ್ತು ಮನೆಗಳಾಗಿ ಹಂಚಬೇಕು, ಚೌಕಾಬಾರದ ಪಟದ ಹಾಗೆ. ಪ್ರತಿ ಮನೆಯ ನಡುವೆ ಚಕ್ರ ಹಿಡಿದು ಒಂದು ನಿಮಿಷದ ಸರಾಸರಿ ಬರೆದುಕೊಳ್ಳಬೇಕು. ಒಳಗೆ ಬರುವುದಕ್ಕೆ ಕೂಡು ಚಿಹ್ನೆ, ಹೊರಗೆ ಹೋಗುವುದಕ್ಕೆ ಕಳೆ ಚಿಹ್ನೆ. ಆಮೇಲೆ ಒಂದೊಂದು ಮನೆಯ ವೇಗವನ್ನೂ ಅದರದೇ ವಿಸ್ತೀರ್ಣಕ್ಕೆ ಗುಣಿಸಿ ಕೂಡಬೇಕು. ಚಿತ್ರ ಬರೆದು ತೋರಿಸಬಹುದಿತ್ತು, ಸಂಪಾದಕರು ಜಾಗ ಕೊಟ್ಟಿಲ್ಲ.

ಇಲ್ಲಿ ನಮ್ಮ ಜೋಡಿ ನಮೂದು ಪದ್ಧತಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಒಂದು ಕಟ್ಟಡದೊಳಗೆ ಎಷ್ಟು ಗಾಳಿ ಬಂತೋ ಅಷ್ಟು ಗಾಳಿ ಹೋಗಲೇಬೇಕು. ಕಟ್ಟಡ ಬಲೂನಿನ ಹಾಗೆ ಉಬ್ಬುವುದಿಲ್ಲವಲ್ಲ. ಲೆಕ್ಕಕ್ಕೆಂದು ದುಂಡು ಅಂಕಿ ಹಿಡಿಯೋಣ: ಶಟರುಗಳಿಂದ ಒಟ್ಟು ಒಳಗೆ ಬಂದದ್ದು ಸೆಕೆಂಡಿಗೆ 8 ಘನ ಮೀಟರ್, ಶಟರುಗಳಿಂದಲೇ ಹೊರಗೆ ಹೋದದ್ದು 6. ತಾಳೆಪಟ್ಟಿ ಕೂಡಲಿಲ್ಲ, 2 ಬಾಕಿ. ಆ 2 ಎಲ್ಲಿ ಹೋಯಿತು? ಛಾವಣಿಯ ಉಂಡೆಗಳಿಂದ. ಯಾರೂ ಪತ್ರಾಸಿನ ಮೇಲೆ ಹತ್ತದೆ, ಕೆಳಗೆ ನಿಂತೇ ಮೇಲಿನ ಲೆಕ್ಕ ಸಿಕ್ಕಿತು. ಅಳತೆ ಮಾಡಿದವನ ಲೆಕ್ಕ ಖರೆಯೋ ಸುಳ್ಳೋ ಎಂದು ನೋಡುವುದಕ್ಕೂ ಇದೇ ದಾರಿ. ಎರಡು ಬಾಜೂ ಬರೆಯದೆ ಬರೀ 'ಒಳಗೆ ಇಷ್ಟು ಬರುತ್ತದೆ' ಎಂದವನ ವರದಿಯನ್ನು ನಾನಂತೂ ಒಪ್ಪುವುದಿಲ್ಲ.

ಆದರೂ ಬಾಗಿಲಲ್ಲಿ ನಿಂತು ಅಳೆಯುವುದರಲ್ಲಿ ಒಂದು ದೊಡ್ಡ ಕೊರತೆ ಇದೆ. ಮೇಲಿನ ಅಂಕಿ ಸೆಕೆಂಡಿಗೆ 8 ಘನ ಮೀಟರ್, ಗಂಟೆಗೆ 28,800. ಗೋದಾಮಿನ ಗಾತ್ರದಿಂದ ಭಾಗಿಸಿದರೆ ಗಂಟೆಗೆ ಸುಮಾರು 1.8 ಸಲ ಗಾಳಿ ಬದಲಾಯಿತು ಎಂದು ಬರುತ್ತದೆ. ಕಾಗದದ ಮೇಲೆ ಪರವಾಗಿಲ್ಲ. ಆದರೆ ಒಂದನೆಯ ಶಟರಿನಿಂದ ಬಂದ ಗಾಳಿ ಎರಡನೆಯ ಶಟರಿನಿಂದ ಹೊರಟುಹೋದರೆ ಅದು ಹಿಂದಿನ ಕಪಾಟಿಗೆ ಮುಟ್ಟಲೇ ಇಲ್ಲ. ಬಾಗಿಲಲ್ಲೇ ಲಾರಿ ತಿರುಗಿಸಿ ಕಳಿಸಿದ ಮಾಲನ್ನೂ ವಹಿವಾಟಿನಲ್ಲಿ ಸೇರಿಸಿದ ಹಾಗಾಯಿತು. ನೂಲಿನ ಎಳೆ ಹಿಡಿದು ಹಿಂದಿನ ಗೋಡೆಯವರೆಗೆ ನಡೆದರೆ ಇದು ಕಣ್ಣಿಗೇ ಕಾಣುತ್ತದೆ: ಶಟರಿನಿಂದ ಸ್ವಲ್ಪ ದೂರದವರೆಗೆ ಎಳೆ ಆಡುತ್ತದೆ, ಅಲ್ಲಿಂದಾಚೆ ನೇರ ಇಳಿಬಿದ್ದು ನಿಂತುಬಿಡುತ್ತದೆ. ಒಂದೇ ಗೋಡೆಗೆ ಕಂಡಿಗಳಿರುವ ಎಲ್ಲ ಕಟ್ಟಡಗಳ ಕತೆಯೂ ಇದೇ.

ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ (2016ರದು) ಅಳೆಯುವ ಮುಂಚೆಯೇ ಅಂದಾಜು ಕಟ್ಟಲು ಸುಲಭ ಸೂತ್ರವಿದೆ. ಕಂಡಿಯ ವಿಸ್ತೀರ್ಣ, ಹೊರಗಿನ ಗಾಳಿಯ ವೇಗ, ಎರಡನ್ನೂ ಗುಣಿಸಿ 0.6ರಿಂದ ಮತ್ತೆ ಗುಣಿಸಬೇಕು. ಇದು ಗಾಳಿ ನೇರವಾಗಿ ಕಂಡಿಗೆ ಹೊಡೆದರೆ. ಓರೆಯಾಗಿ ಬಂದರೆ 0.3. ಅದೇ ಬಾಗಿಲು, ಅದೇ ಗಾಳಿ, ದಿಕ್ಕು ತಪ್ಪಿದರೆ ಅರ್ಧ ಆದಾಯ! ಇನ್ನೂ ಒಂದು ಮಾತಿದೆ. ಕಂಡಿಗಳ ಒಟ್ಟು ವಿಸ್ತೀರ್ಣ ನೆಲದ ವಿಸ್ತೀರ್ಣದ 20ರಿಂದ 30 ಪ್ರತಿಶತ ಇದ್ದರೆ ಒಳಗಿನ ಸರಾಸರಿ ವೇಗ ಹೊರಗಿನದರ ಸುಮಾರು 30 ಪ್ರತಿಶತ ಆಗುತ್ತದೆ. ಕಿಟಕಿಯನ್ನು ಎಷ್ಟೇ ದೊಡ್ಡದು ಮಾಡಿದರೂ, ಎಲ್ಲ ಅನುಕೂಲ ಕೂಡಿ ಬಂದರೂ, 40 ಪ್ರತಿಶತ ದಾಟುವುದಿಲ್ಲ. ಅರ್ಥಶಾಸ್ತ್ರದ ಇಳಿಮುಖ ಪ್ರತಿಫಲ ನಿಯಮ ಗೋಡೆಗೂ ಹತ್ತುತ್ತದೆ ನೋಡಿ.

ಮಿಹಾನ್‌ನಲ್ಲಿ ಗಾಳಿಯ ದಿಕ್ಕು ತಿಳಿಯಲು ಪುಸ್ತಕ ಬೇಕಿಲ್ಲ, ವಿಮಾನಗಳನ್ನು ನೋಡಿದರೆ ಸಾಕು. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು, ಗಾಳಿಗೆ ಎದುರಾಗಿ ಏರಬೇಕು. ಆದ್ದರಿಂದ ಓಡುದಾರಿಯನ್ನು ಊರಿನ ರೂಢಿಯ ಗಾಳಿಗೆ ಹೊಂದಿಸಿ ಹಾಕುತ್ತಾರೆ. ನಾಗಪುರದ ಓಡುದಾರಿಯ ಸಂಖ್ಯೆ 14/32. ಅದನ್ನು ಹತ್ತರಿಂದ ಗುಣಿಸಿದರೆ ದಿಕ್ಸೂಚಿಯ ಡಿಗ್ರಿ: ಒಂದು ಕೊನೆ 140, ಇನ್ನೊಂದು 320. ಅಂದರೆ ಆಗ್ನೇಯದಿಂದ ವಾಯವ್ಯಕ್ಕೆ. ನಮ್ಮ ಹಿರಿಯರು ಆ ಮೂಲೆಗೆ ವಾಯುವಿನ ಹೆಸರನ್ನೇ ಇಟ್ಟಿದ್ದಾರೆ. ಓಡುದಾರಿಯನ್ನು ಗಾಳಿ ನೋಡಿ ಹಾಕಿದ್ದಾರೆ. ಅದರಾಚೆಯ ಗೋದಾಮನ್ನು ಮಾತ್ರ ರಸ್ತೆ ನೋಡಿ ಕಟ್ಟಿದ್ದಾರೆ. ಲಾರಿಗೆ ಅನುಕೂಲವಾಗಬೇಕು, ಅದೂ ಸರಿಯೇ. ಆದರೆ ಹಿಂದಿನ ಗೋಡೆಯಲ್ಲಿ ಜಾಲರಿ ಹಾಕಿದ ನಾಲ್ಕು ಕಂಡಿ ಬಿಟ್ಟಿದ್ದರೆ ಗಾಳಿ ಹಾಯ್ದುಹೋಗುತ್ತಿತ್ತು.

ಗಾಳಿಯೇ ಬೀಸದ ರಾತ್ರಿಗಳಿಗೆ ಇನ್ನೊಂದು ಸೂತ್ರವಿದೆ: ಕೆಳಗಿನ ಕಂಡಿಗೂ ಮೇಲಿನ ಕಂಡಿಗೂ ಇರುವ ಎತ್ತರವನ್ನು ಒಳ-ಹೊರಗಿನ ಉಷ್ಣತೆಯ ವ್ಯತ್ಯಾಸಕ್ಕೆ ಗುಣಿಸಿ ವರ್ಗಮೂಲ ತೆಗೆದು, ಕಂಡಿಯ ವಿಸ್ತೀರ್ಣಕ್ಕೂ 7ಕ್ಕೂ ಗುಣಿಸಿದರೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಎಂದು ಬರುತ್ತದೆ. 8 ಮೀಟರ್ ಎತ್ತರ, 2 ಡಿಗ್ರಿ ವ್ಯತ್ಯಾಸ, 10 ಚದರ ಮೀಟರ್ ಕಂಡಿ ಎಂದರೆ 280. ಗಂಟೆಗೆ 16,800, ಅಂದರೆ ಇಡೀ ಗೋದಾಮು ಹೆಚ್ಚುಕಡಿಮೆ ಒಂದು ಸಲ. ಬರೀ ಎರಡು ಡಿಗ್ರಿ ಸೆಕೆ ಇಷ್ಟು ಕೆಲಸ ಮಾಡುತ್ತದೆ, ಮೇಲೂ ಅಷ್ಟೇ ದೊಡ್ಡ ಕಂಡಿ ಇದ್ದರೆ, ಕೆಳಗಿನದನ್ನು ರಾತ್ರಿ ತೆರೆದಿಟ್ಟರೆ.

ಗೋದಾಮಿನ ವಿಷಯ ಇಷ್ಟು. ನನ್ನನ್ನು ಹೆಚ್ಚು ಕಾಡಿದ್ದು ಅದಲ್ಲ, ಖೋಲಿ.

ಖಾಪರಿ ಕಡೆ ಕಾಕಾ ಮತ್ತು ಐವರು ಹಮಾಲರು ಸೇರಿ ಹಿಡಿದಿರುವ ಬಾಡಿಗೆ ಖೋಲಿ. 4 ಮೀಟರ್ ಉದ್ದ, 3 ಅಗಲ, 3 ಎತ್ತರ. 36 ಘನ ಮೀಟರ್. ಒಂದು ಕಿಟಕಿ, ಎದುರಿಗೆ ಬಾಗಿಲು, ಬಾಗಿಲ ಮೇಲೆ ಒಂದು ಗಾಳಿಕಿಂಡಿ, ಅದಕ್ಕೆ ಯಾವ ಕಾಲದಲ್ಲೋ ಪ್ಲೈವುಡ್ ಬಡಿದಿದ್ದಾರೆ. ಆರು ಜನ ಅಲ್ಲಿ ಮಲಗುತ್ತಾರೆ. ತಲೆಗೆ 6 ಘನ ಮೀಟರ್. ಹಗಲು ದುಡಿಯುವಲ್ಲಿ ಎಣಿಸಲು 14.2 ಎಂಬ ಅಂಕಿಯಾದರೂ ಇತ್ತು, ರಾತ್ರಿ ಮಲಗುವಲ್ಲಿ ಎಣಿಸುವವರೇ ಇಲ್ಲ. ಏಪ್ರಿಲ್‌ನಲ್ಲಿ ಆ ಆರು ಜನರಲ್ಲಿ ಒಬ್ಬನಿಗೆ, ಇಪ್ಪತ್ತೆರಡರ ಹುಡುಗ, ಕ್ಷಯ ಎಂದು ಗೊತ್ತಾಯಿತು. ಸರ್ಕಾರಿ ಗುಳಿಗೆ ಶುರುವಾಯಿತು, ಉಳಿದವರ ತಪಾಸಣೆಯೂ ಆಯಿತು. ಆದರೆ ಖೋಲಿಯಲ್ಲಿ ಇಬ್ಬರು ಹಟ ಹಿಡಿದರು: ಅವನು ಇಲ್ಲಿ ಮಲಗಬಾರದು. ಹಾಗಾದರೆ ಎಲ್ಲಿ? ಊರಿಗೆ ಹೋದರೆ ಪಗಾರ ಹೋಯಿತು, ಗುಳಿಗೆಯೂ ತಪ್ಪೀತು. ಮುಕಾದಮರಾಗಿ ಕಾಕಾ ತೀರ್ಮಾನ ಹೇಳಬೇಕಾಗಿತ್ತು. ನನ್ನನ್ನು ಕರೆದು, "ಏ ತಮ್ಮಾ, ಕಿಡಕಿ ಅದ, ಫ್ಯಾನ್ ಅದ, ಮತ್ತೇನ್ ಬೇಕು ಅಂತಾನ ಮಾಲಕ. ಖರೇ ಎಷ್ಟು ಗಾಳಿ ಬರ್ತದ ನೀ ಲೆಕ್ಕಾ ಮಾಡಿ ಹೇಳು. ನಿನ್ನ ಓದಿಗೆ ಅಷ್ಟಾದ್ರೂ ಬರಬೇಕಲ್ಲ?" ಅಂದರು.

ಇಷ್ಟು ಚಿಕ್ಕ ಖೋಲಿಯಲ್ಲಿ ಚಕ್ರದ ಮಾಪಕ ಉಪಯೋಗವಿಲ್ಲ. ಗಾಳಿ ಎಷ್ಟು ಮೆಲ್ಲಗೆ ಬರುತ್ತದೆಂದರೆ ಚಕ್ರ ತಿರುಗುವುದೇ ಇಲ್ಲ; ಬಾಗಿಲ ಸಂದಿ, ಕಿಟಕಿಯ ಬಿರುಕು, ಎಲ್ಲೆಲ್ಲಿಂದಲೋ ನುಸುಳುತ್ತದೆ. ಆಗ ಗಾಳಿಯನ್ನು ನೇರವಾಗಿ ಅಳೆಯುವುದು ಬಿಟ್ಟು, ಗಾಳಿಯಲ್ಲಿ ಬೆರೆತ ಒಂದು ಗುರುತಿನ ಅನಿಲ ಎಷ್ಟು ಬೇಗ ತೊಳೆದುಹೋಗುತ್ತದೆ ಎಂದು ನೋಡುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಟ್ರೇಸರ್ ಗ್ಯಾಸ್ ಎನ್ನುತ್ತಾರೆ. ನಮಗೆ ಪುಕ್ಕಟೆ ಸಿಗುವ ಗುರುತಿನ ಅನಿಲ ನಾವೇ ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್. ಮ್ಯೂನಿಕ್ಕಿನ ಪೆಟ್ಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ ಇದನ್ನು ಹಿಡಿದು, ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದು 1,000 ಭಾಗ ದಾಟಿದರೆ ಕೋಣೆಯ ಗಾಳಿ ಕೆಟ್ಟಿತೆಂದು ತಿಳಿಯಬೇಕು ಎಂದಿದ್ದ. ಇಂದಿಗೂ ಆ ಅಂಕಿ ಬಳಕೆಯಲ್ಲಿದೆ. ಹೊರಗಿನ ಬಯಲು ಗಾಳಿಯಲ್ಲಿ ಈಗ ಸುಮಾರು 420ರಿಂದ 430 ಭಾಗ ಇರುತ್ತದೆ.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟರು ಒಂದು ಮೀಟರನ್ನು ಕಡ ಕೊಟ್ಟಿದ್ದರು. ಕೊಳ್ಳುವವರು ಎಚ್ಚರ: ಅಗ್ಗದ ಕೆಲವು ಮೀಟರುಗಳು ಈ ಅನಿಲವನ್ನು ಅಳೆಯುವುದೇ ಇಲ್ಲ, ಬೇರೆ ವಾಸನೆಗಳಿಂದ ಊಹಿಸಿ ಅಂಕಿ ತೋರಿಸುತ್ತವೆ. ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವುದನ್ನೇ ತೆಗೆದುಕೊಳ್ಳಬೇಕು, ಬಯಲಿನಲ್ಲಿಟ್ಟು 420ರ ಆಸುಪಾಸು ತೋರಿಸುತ್ತದೆಯೋ ನೋಡಬೇಕು.

ಕ್ರಮ ಹೀಗೆ. ಆರು ಜನ ಮಲಗಿ ಎದ್ದ ಖೋಲಿಯಲ್ಲಿ ಬೆಳಗಿನ ಹೊತ್ತಿಗೆ ಅನಿಲ ತಾನಾಗಿ ಏರಿರುತ್ತದೆ, ಸಿಲಿಂಡರು ತರಬೇಕಿಲ್ಲ. (ಇದಕ್ಕಾಗಿ ಖೋಲಿಯಲ್ಲಿ ಇದ್ದಿಲು ಸುಡುವ ಸಾಹಸ ಯಾರೂ ಮಾಡಬೇಡಿ, ಅದರ ವಿಷಾನಿಲ ಪ್ರಾಣ ತೆಗೆಯುತ್ತದೆ.) ಎಲ್ಲರೂ ಕೆಲಸಕ್ಕೆ ಹೊರಟ ಕೂಡಲೆ, ಕಿಟಕಿ ಬಾಗಿಲು ರಾತ್ರಿ ಹೇಗಿದ್ದವೋ ಹಾಗೇ ಬಿಟ್ಟು, ಸೀಲಿಂಗ್ ಫ್ಯಾನು ಹಾಕಿ, ಮೀಟರಿನ ಅಂಕಿಯನ್ನು ಐದೈದು ನಿಮಿಷಕ್ಕೆ ಬರೆಯಬೇಕು. ಒಳಗೆ ಯಾರೂ ಇರಕೂಡದು, ಅಳೆಯುವವನೂ ಸಹ. ಇದ್ದರೆ ಸವಕಳಿ ಕಳೆಯುತ್ತಿರುವಾಗಲೇ ಹೊಸ ಯಂತ್ರ ಕೊಂಡ ಹಾಗೆ ಲೆಕ್ಕ ಕೆಡುತ್ತದೆ. ನಾನು ಮೀಟರನ್ನು ಕಿಟಕಿಯ ಗಾಜಿನ ಕಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಇಟ್ಟು ಹೊರಗಿನಿಂದ ಓದುತ್ತಿದ್ದೆ. ಫ್ಯಾನು ಏಕೆಂದರೆ ಒಳಗಿನ ಗಾಳಿ ಎಲ್ಲ ಕಡೆ ಒಂದೇ ಸಮನಾಗಿ ಬೆರೆಯಬೇಕು. ಇಲ್ಲೇ ಮಾಲಕನ ಮಾತಿಗೂ ಉತ್ತರವಿದೆ: ಫ್ಯಾನು ಒಂದು ಹನಿ ಹೊಸ ಗಾಳಿಯನ್ನೂ ತರುವುದಿಲ್ಲ. ನಗದು ಪುಸ್ತಕದಲ್ಲಿ ಪೆಟ್ಟಿಗೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಪೆಟ್ಟಿಗೆಗೆ ಬರೆಯುವ ಕಾಂಟ್ರಾ ನಮೂದು ಅದು. ಹಣ ಅಷ್ಟೇ ಇರುತ್ತದೆ. ಗೋಡೆಯ ಏಸಿಯೂ ಹಾಗೇ, ಒಳಗಿನದನ್ನೇ ತಂಪು ಮಾಡಿ ಕೊಡುತ್ತದೆ.

ಇನ್ನು ಲೆಕ್ಕ. ಮತ್ತೆ ದುಂಡು ಅಂಕಿಯ ಉದಾಹರಣೆ. ಜನ ಹೊರಟಾಗ 1,420. ಕಾಲು ಗಂಟೆಗೆ 1,020. ಅರ್ಧ ಗಂಟೆಗೆ 780. ಮುಕ್ಕಾಲು ಗಂಟೆಗೆ 636. ಇಳಿತ ಮೊದಲು 400, ಆಮೇಲೆ 240, ಆಮೇಲೆ 144. ಸ್ಥಿರ ಕಂತಿನ ಸವಕಳಿ ಇದಲ್ಲ ಎಂದು ನೋಡಿದ ಕೂಡಲೆ ಗೊತ್ತಾಗುತ್ತದೆ. ಈಗ ಪ್ರತಿಯೊಂದರಿಂದಲೂ ಹೊರಗಿನ 420ನ್ನು ಕಳೆಯಿರಿ: 1,000, 600, 360, 216. ಬಂತಲ್ಲ! ಪ್ರತಿ ಕಾಲು ಗಂಟೆಗೆ ಉಳಿದ ಶಿಲ್ಕಿನ ಮೇಲೆ 40 ಪ್ರತಿಶತ. ನಾವು ಪಿಯುಸಿಯಲ್ಲಿ ಮಾಡಿದ ಇಳಿಯುವ ಶಿಲ್ಕಿನ ಪದ್ಧತಿಯ ಸವಕಳಿಯೇ ಇದು, ಹೊರಗಿನ 420 ಅದರ ಗುಜರಿ ಬೆಲೆ. ಎಷ್ಟು ತೊಳೆದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಗಂಟೆಗೆ ಎಷ್ಟು ಸಲ ಗಾಳಿ ಬದಲಾಯಿತು ಎಂದು ತಿಳಿಯಲು 1,000ವನ್ನು 600ರಿಂದ ಭಾಗಿಸಿ, ಕ್ಯಾಲ್ಕ್ಯುಲೇಟರಿನ ಎಲ್‌ಎನ್ ಗುಂಡಿ ಒತ್ತಿದರೆ 0.51. ಇದು ಕಾಲು ಗಂಟೆಯದು, ನಾಲ್ಕರಿಂದ ಗುಣಿಸಿದರೆ ಗಂಟೆಗೆ 2 ಸಲ. 36 ಘನ ಮೀಟರಿನ ಖೋಲಿಗೆ ಗಂಟೆಗೆ 72 ಘನ ಮೀಟರ್. ಸೆಕೆಂಡಿಗೆ 20 ಲೀಟರ್. ಆರು ಜನರಿಗೆ ಹಂಚಿದರೆ ತಲೆಗೆ ಮೂರು ಚಿಲ್ಲರೆ ಲೀಟರ್. 'ಒಂದು ಸಲ ಬದಲಾಯಿತು' ಎಂದರೆ ಹಳೆಯ ಗಾಳಿ ಪೂರ್ತಿ ಹೋಯಿತು ಎಂದಲ್ಲ ಎಂಬುದೂ ಇಲ್ಲಿ ತಿಳಿಯುತ್ತದೆ. ಹೊಸದು ಬರುತ್ತಾ ಹಳೆಯದರಲ್ಲಿ ಬೆರೆಯುತ್ತದಲ್ಲ, ಆದ್ದರಿಂದ ಒಂದು ಸಲಕ್ಕೆ 37 ಪ್ರತಿಶತ ಹಳೆಯದು ಉಳಿದಿರುತ್ತದೆ, ಎರಡು ಸಲಕ್ಕೆ 14, ಮೂರು ಸಲಕ್ಕೆ 5.

ಇದು ಸಾಕೋ? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಹಜ ಗಾಳಿಯ ಆಸ್ಪತ್ರೆಗಳಿಗೆ ಹೇಳಿದ ಅಂಕಿ ರೋಗಿಯೊಬ್ಬನಿಗೆ ಸೆಕೆಂಡಿಗೆ ಸರಾಸರಿ 60 ಲೀಟರ್. ಗಾಳಿಯಿಂದ ಹರಡುವ ರೋಗಿಗಳ ಕೋಣೆಗೆ 160. ಖೋಲಿ ಆಸ್ಪತ್ರೆಯಲ್ಲ, ಸರಿ. ಆದರೆ 60 ಎಲ್ಲಿ, 3 ಎಲ್ಲಿ!

ಅದೇ ಕೋಣೆ ಕಿಟಕಿ ಬಾಗಿಲು ತೆರೆದರೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಪೆರು ದೇಶದ ಲಿಮಾ ನಗರದಲ್ಲಿ ಮಾಡಿದ ಅಧ್ಯಯನ ಪ್ರಸಿದ್ಧ. 2007ರಲ್ಲಿ ಪ್ರಕಟವಾದದ್ದು. ಸಹಜ ಗಾಳಿಯ 70 ಆಸ್ಪತ್ರೆ ಕೋಣೆಗಳಲ್ಲಿ ಇದೇ ಅನಿಲದ ವಿಧಾನದಿಂದ ಅಳೆದರು. ಎಲ್ಲವನ್ನೂ ತೆರೆದಾಗ ಗಂಟೆಗೆ 28 ಸಲ ಗಾಳಿ ಬದಲಾಯಿತು. ಮುಚ್ಚಿದಾಗಿನದಕ್ಕಿಂತ 18 ಪಟ್ಟು. ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳಿಗೆ ಹೇಳಿದ ಅಂಕಿಯೇ 12. ಇನ್ನೂ ಸ್ವಾರಸ್ಯವೆಂದರೆ ಐವತ್ತು ವರ್ಷಕ್ಕಿಂತ ಹಳೆಯ, ಎತ್ತರದ ಸೂರು, ದೊಡ್ಡ ಕಿಟಕಿಗಳ ಕಟ್ಟಡಗಳಲ್ಲಿ 40 ಸಲ, ಹೊಸ ಮಾದರಿಯವುಗಳಲ್ಲಿ 17. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಸ್ಯಾನಟೋರಿಯಂ ಕಟ್ಟಿಸಿದ ಕಾಲದಲ್ಲಿ ಕ್ಷಯಕ್ಕೆ ಗುಳಿಗೆ ಇರಲಿಲ್ಲ. ಗಾಳಿ, ಬಿಸಿಲು, ವಿಶ್ರಾಂತಿ, ಊಟ ಇಷ್ಟೇ ಔಷಧ. ಗುಳಿಗೆ ಬಂದ ಮೇಲೆ ನಾವು ಸೂರನ್ನು ತಗ್ಗಿಸಿದೆವು.

ಗುಳಿಗೆಯ ಮಾತು ಬಂತಲ್ಲ, ಹಟ ಹಿಡಿದ ಇಬ್ಬರಿಗೂ ನಾನು ಹೇಳಿದ್ದು ಮದ್ರಾಸಿನ ಅಧ್ಯಯನ. 1956ರಲ್ಲಿ ಶುರುವಾಗಿ 1959ರಲ್ಲಿ ಪ್ರಕಟವಾಯಿತು. ಇಕ್ಕಟ್ಟಾದ ಮನೆಗಳಲ್ಲೇ ಇದ್ದು ಗುಳಿಗೆ ತೆಗೆದುಕೊಂಡವರೂ ಸ್ಯಾನಟೋರಿಯಂನಲ್ಲಿ ಇದ್ದವರ ಹಾಗೇ ಗುಣವಾದರು; ಅವರ ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. ಗುಳಿಗೆ ಸರಿಯಾಗಿ ಹೋದರೆ ಕೆಲವೇ ವಾರಗಳಲ್ಲಿ ಹರಡುವಿಕೆ ಬಹಳ ಇಳಿಯುತ್ತದೆ. ಅಷ್ಟು ದಿನ ಗಾಳಿ ನೋಡಿಕೊಂಡರೆ ಹುಡುಗನನ್ನು ಹೊರಗೆ ಹಾಕುವ ಪ್ರಸಂಗವೇ ಇಲ್ಲ.

ಖೋಲಿಯಲ್ಲಿ ನಾನು ನಾಲ್ಕು ಬೆಳಗು ನಾಲ್ಕು ರೀತಿ ಅಳೆದೆ: ಎಲ್ಲ ಮುಚ್ಚಿ, ಕಿಟಕಿಯೊಂದನ್ನೇ ತೆರೆದು, ಕಿಟಕಿ ಬಾಗಿಲು ಎರಡನ್ನೂ ತೆರೆದು, ಕಿಟಕಿ ಮತ್ತು ಪ್ಲೈವುಡ್ ಕಿತ್ತ ಗಾಳಿಕಿಂಡಿ ತೆರೆದು. ಕಿಟಕಿಯೊಂದನ್ನೇ ತೆರೆದಾಗ ಆದ ಸುಧಾರಣೆ ಎಲ್ಲರಿಗೂ ನಿರಾಸೆ ತಂದಿತು. ಎದುರಿನ ಬಾಗಿಲು ತೆರೆದದ್ದೇ ತಡ, ಅಂಕಿ ಕಣ್ಣೆದುರೇ ಜಾರಿತು. 1,000ದ ಶಿಲ್ಕು ಐದೇ ನಿಮಿಷಕ್ಕೆ 300ಕ್ಕೆ ಇಳಿದರೆ ಗಂಟೆಗೆ 14 ಸಲ ಎಂದು ಲೆಕ್ಕ. ತಲೆಗೆ ಸುಮಾರು 24 ಲೀಟರ್. ಆದರೆ ರಾತ್ರಿಯೆಲ್ಲ ಬಾಗಿಲು ತೆರೆದು ಮಲಗಿದರೆ ಫೋನು, ಪಗಾರ ಹೋದಾವು. ಕಿಟಕಿ ಮತ್ತು ಗಾಳಿಕಿಂಡಿ ಜೋಡಿ ಬಾಗಿಲಿನಷ್ಟು ಕೊಡಲಿಲ್ಲ, ಕಿಟಕಿಯೊಂದಕ್ಕಿಂತ ಬಹಳ ಮೇಲು. ಮಾಲಕನನ್ನು ಕೇಳಿ ಗಾಳಿಕಿಂಡಿಗೆ ಸೊಳ್ಳೆ ಜಾಲರಿ ಬಡಿದೆವು. ಜಾಲರಿಯೂ ಸ್ವಲ್ಪ ಗಾಳಿ ತಿನ್ನುತ್ತದೆ, ಡೆಂಗಿಗಿಂತ ವಾಸಿ.

ಕೂಲರಿನ ಮಾತೊಂದು ಉಳಿಯಿತು. ನಾಗಪುರದಲ್ಲಿ ಕೂಲರ್ ಇಲ್ಲದ ಮನೆ ಇಲ್ಲ. ಇವರದು ಖೋಲಿಯ ಒಳಗೆ, ಮೂಲೆಯಲ್ಲಿತ್ತು. ಒಳಗಿನ ಗಾಳಿಯನ್ನೇ ತೋಯಿಸಿ ತಿರುಗಿಸುತ್ತಿತ್ತು. ಅದನ್ನು ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡಿಗೆ ಏರಿಸಿದರೆ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ತಳ್ಳುತ್ತದೆ, ಅದು ಹೋಗಲು ಗಾಳಿಕಿಂಡಿ ತೆರೆದಿರಬೇಕು ಅಷ್ಟೆ. ತಂಪು ಹೋಗುತ್ತದೆಂದು ಅದನ್ನೂ ಮುಚ್ಚಿದರೆ ಸೆಕೆಯೂ ತೇವವೂ ಎರಡೂ. ಸ್ಟ್ಯಾಂಡಿನ ಖರ್ಚನ್ನು ಆರು ಜನ ಹಂಚಿಕೊಂಡರು. ಹಟ ಹಿಡಿದವರಲ್ಲಿ ಒಬ್ಬರೇ ವೆಲ್ಡಿಂಗ್ ಮಾಡಿಸಿ ತಂದರು. ಹುಡುಗನ ಹಾಸಿಗೆ ಗಾಳಿಕಿಂಡಿಯ ಕೆಳಗೆ, ಗಾಳಿ ಹೊರಗೆ ಹೋಗುವ ಕಡೆ ಬಂತು. ಊದಿನಕಡ್ಡಿ ಹಿಡಿದು ನೋಡಿಯೇ ಆ ಜಾಗ ಗೊತ್ತು ಮಾಡಿದ್ದು. ಮಾಪಕಕ್ಕೆ ಅದು ತಿಳಿಯದು.

ಮೀಟರು ಈಗ ಭೌತಶಾಸ್ತ್ರ ವಿಭಾಗದ ಕಪಾಟಿನಲ್ಲಿದೆ. ಹಾಸ್ಟೆಲಿನವರು ತಮ್ಮ ಕೋಣೆಯನ್ನು ಅಳೆಯಬೇಕೆಂದರೆ ಮೇಷ್ಟರು ಸಹಿ ಮಾಡಿಸಿಕೊಂಡು ಕೊಡುತ್ತಾರೆ. ಬೆಳಿಗ್ಗೆ ಎದ್ದು ಬಾಗಿಲು ತೆರೆಯುವ ಮುಂಚೆ ಮೊದಲ ಅಂಕಿ ಬರೆದುಕೊಳ್ಳಿ. ಹೊರಗಿನ ಅಂಕಿಯನ್ನು ಅದೇ ದಿನ, ಅದೇ ಮೀಟರಿನಿಂದ ಬರೆದುಕೊಳ್ಳಿ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದಾಗ ಇನ್ನೊಮ್ಮೆ ಅಳೆಯಬೇಕು. ಕಾಕಾನ ಖೋಲಿಯ ಮಳೆಗಾಲದ ಲೆಕ್ಕ ಇನ್ನೂ ಆಗಿಲ್ಲ, ದಸರಾ ರಜೆಗೆ ಹೋದಾಗ ಮಾಡಬೇಕೆಂದಿದ್ದೇನೆ. ಹುಡುಗನ ಆರು ತಿಂಗಳ ಗುಳಿಗೆಯೂ ಆ ಹೊತ್ತಿಗೇ ಮುಗಿಯುತ್ತದೆ.